ಕಿತ್ತಳೆಯನ್ನು ಕೈಬಿಟ್ಟ ಅಂಗಡಿ: ಮೂರು ಬೆಚ್ಚನೆ ಬಣ್ಣಗಳ ಒಂದು ಪ್ರಕರಣ ಅಧ್ಯಯನ

ಇಬ್ಬರು ಪಾಲುದಾರರು ನಡೆಸುವ ಸಣ್ಣ ಉಡುಪು ಸಂಸ್ಥೆ. ಮುಂದೆ ಬಟ್ಟೆ ತೋರಿಸುವ ಕೋಣೆ, ಅದಕ್ಕೆ ಅಂಟಿಕೊಂಡ ಟ್ರಯಲ್ ರೂಮು, ಹಿಂದೆ ಹೊಲಿಗೆ ಮತ್ತು ಪ್ಯಾಕಿಂಗ್. ಜೊತೆಗೆ ಆನ್‌ಲೈನ್ ಮಾರಾಟಕ್ಕೊಂದು ವೆಬ್‌ಸೈಟ್. ಲೋಗೋದಲ್ಲಿ, ಗೋಡೆಯಲ್ಲಿ, ಬಟ್ಟೆಯಲ್ಲಿ ಅವೇ ಮೂರು ಬಣ್ಣ ಇರಬೇಕು, ನೋಡಿದವರಿಗೆ ಬೆಚ್ಚಗೆ ಅನ್ನಿಸಬೇಕು ಎಂಬುದು ಅವರ ಆಸೆ. ಆರಿಸಿಕೊಂಡದ್ದು ಇಟ್ಟಿಗೆ ಕೆಂಪು, ಕಿತ್ತಳೆ, ಮಸ್ಟರ್ಡ್ ಹಳದಿ. ಫೋನಿನ ಪರದೆಯ ಮೇಲೆ ಮೂರು ಚೌಕಗಳಾಗಿ ಇಟ್ಟು ನೋಡಿದರೆ ಯಾರಾದರೂ ತಲೆದೂಗುವಂಥ ಜೋಡಣೆ. ಅದೇ ಧೈರ್ಯದಲ್ಲಿ ಗೋಡೆಗೆ ಬಣ್ಣ ಹೊಡೆಸಿದರು, ಬೋರ್ಡು ಬರೆಸಿದರು, ಮೊದಲ ಸರಣಿಯ ಬಟ್ಟೆಯನ್ನೂ ಹೊಲಿಸಿದರು.

ಬಣ್ಣದ ಸಲಹೆಗೆ ನನ್ನನ್ನು ಕರೆಸುವ ಹೊತ್ತಿಗೆ ದೂರುಗಳ ಪಟ್ಟಿಯೇ ಬೆಳೆದಿತ್ತು. ಒಳಗೆ ಬಂದವರು ಸೆಕೆ ಎಂದು ಬೇಗ ಹೊರಟುಬಿಡುತ್ತಾರೆ. ಕೋಣೆ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ವೆಬ್‌ಸೈಟಿನ ಬಟನ್ ಮೇಲಿನ ಅಕ್ಷರ ಬಿಸಿಲಲ್ಲಿ ಓದಲು ಬರುವುದಿಲ್ಲ. ಕ್ರೀಮ್ ಬಣ್ಣದ ಅಂಗಿ ಕೊಂಡವರು 'ಇಲ್ಲಿ ನೋಡಿದ ಬಣ್ಣ ಇದಲ್ಲ' ಎಂದು ವಾಪಸ್ ತರುತ್ತಾರೆ. ಪ್ಯಾಕಿಂಗಿನಲ್ಲಿ, ಬಣ್ಣ ನೋಡಿ ಗುರುತಿಸಬೇಕಾದ ಅಳತೆಯ ಲೇಬಲ್‌ಗಳು ಅದಲುಬದಲಾಗುತ್ತವೆ. ಪಾಲುದಾರರಲ್ಲಿ ಒಬ್ಬರದು, ಬೆಚ್ಚನೆ ಬಣ್ಣ ಅತಿಯಾಯಿತು, ನಡುವೆ ಒಂದು ನೀಲಿ ಹಾಕೋಣ ಎಂಬ ವಾದ. ಇನ್ನೊಬ್ಬರು ಪೇಂಟಿನ ಬ್ರ್ಯಾಂಡ್ ಬದಲಿಸಿದರೆ ಸಾಕು ಎನ್ನುತ್ತಿದ್ದರು.

ನೀಲಿ ಬೇಕಿರಲಿಲ್ಲ, ಪೇಂಟಿನಲ್ಲಿ ದೋಷವೂ ಇರಲಿಲ್ಲ. ಐದೂ ದೂರಿನ ಬೇರು ಒಂದೇ ಕಡೆ ಇತ್ತು. ಮೂರು ಬಣ್ಣ ಆರಿಸಿದ್ದರು, ಆದರೆ ಯಾವುದಕ್ಕೂ ಕೆಲಸ ಹಂಚಿರಲಿಲ್ಲ. ಮೂರೂ ಒಂದೇ ಕೆಲಸಕ್ಕೆ ಅರ್ಜಿ ಹಾಕಿದಂತಿದ್ದವು.

ಬಣ್ಣ ತೆಗೆದು ನೋಡಿದಾಗ

ಮೊದಲು ಮಾಡಿದ್ದು ತೀರಾ ಸರಳ ಪರೀಕ್ಷೆ. ಕೋಣೆಯ ಫೋಟೊ ತೆಗೆದು ಕಪ್ಪು-ಬಿಳುಪಿಗೆ ಬದಲಿಸಿದೆ. ಗೋಡೆ, ಬಾಗಿಲು, ಶೆಲ್ಫಿನ ಹಿನ್ನೆಲೆ, ತೂಗುಹಾಕಿದ ಬಟ್ಟೆ ಎಲ್ಲವೂ ಒಂದೇ ಬೂದು ಬಣ್ಣವಾಗಿ ಕಲಸಿಹೋದವು. ಎಲ್ಲಿ ಗೋಡೆ ಮುಗಿದು ಎಲ್ಲಿ ಅಂಗಿ ಶುರುವಾಗುತ್ತದೆ ಎಂದು ಕಣ್ಣು ಕಿರಿದು ಮಾಡಿ ಹುಡುಕಬೇಕಿತ್ತು.

ಒಂದು ಬಣ್ಣ ಕಪ್ಪಿಗೆ ಎಷ್ಟು ಹತ್ತಿರ, ಬಿಳಿಗೆ ಎಷ್ಟು ಹತ್ತಿರ ಎಂಬುದಕ್ಕೆ ಅಳತೆಗೋಲು ಇದೆ. 1976ರಲ್ಲಿ ಅಂತರರಾಷ್ಟ್ರೀಯ ಬೆಳಕಿನ ಆಯೋಗ, ಅಂದರೆ ಸಿಐಇ, ರೂಪಿಸಿದ ಲ್ಯಾಬ್ ಪದ್ಧತಿಯಲ್ಲಿ ಕಪ್ಪು 0, ಬಿಳಿ 100. ಇದನ್ನು ಇಲ್ಲಿ ತಿಳಿಮಟ್ಟ ಎಂದು ಕರೆಯುತ್ತೇನೆ. ಅವರ ಇಟ್ಟಿಗೆ ಕೆಂಪಿನ ತಿಳಿಮಟ್ಟ 50, ಕಿತ್ತಳೆಯದು 60, ಮಸ್ಟರ್ಡ್‌ನದು 70. ಇಡೀ ಅಳತೆಗೋಲಿನ ನಡುಭಾಗದಲ್ಲಿ ಮೂರೂ ಒತ್ತೊತ್ತಾಗಿ ಕೂತಿವೆ. ಕತ್ತಲೆಯ ತುದಿಯಲ್ಲಿ ಯಾರೂ ಇಲ್ಲ, ಬೆಳಕಿನ ತುದಿಯಲ್ಲೂ ಇಲ್ಲ.

ಆಲ್ಬರ್ಟ್ ಮುನ್ಸೆಲ್ ಎಂಬ ಅಮೆರಿಕದ ಚಿತ್ರಕಲಾ ಶಿಕ್ಷಕ 1905ರಷ್ಟು ಹಿಂದೆಯೇ ಬಣ್ಣವನ್ನು ಮೂರು ಗುಣಗಳಾಗಿ ಬಿಡಿಸಿ ತೋರಿಸಿದ: ಯಾವ ವರ್ಣ, ಎಷ್ಟು ತಿಳಿ, ಎಷ್ಟು ಕಡು (ಅಂದರೆ ಬೂದು ಬೆರೆಯದೆ ಎಷ್ಟು ತೀಕ್ಷ್ಣ). ನಾವು ಬಣ್ಣ ಆರಿಸಲು ಕೂತಾಗ ಮೊದಲನೆಯದರ ಬಗ್ಗೆಯೇ ಮಾತು. ಕೆಂಪೋ ಕಿತ್ತಳೆಯೋ ಎಂಬ ಜಗಳದಲ್ಲಿ ಉಳಿದೆರಡು ಮರೆತೇಹೋಗುತ್ತವೆ. ಬೆಚ್ಚನೆ ಬಣ್ಣಗಳಲ್ಲಿ ಈ ಮರೆವಿಗೆ ದಂಡ ಹೆಚ್ಚು. ಕೆಂಪಿನಿಂದ ಹಳದಿಯವರೆಗಿನ ವರ್ಣಗಳು ಮೊದಲೇ ಅಕ್ಕಪಕ್ಕದವು. ತಿಳಿಮಟ್ಟವೂ ಅಕ್ಕಪಕ್ಕದ್ದೇ ಆದರೆ ಒಂದನ್ನೊಂದು ಬೇರ್ಪಡಿಸಲು ಏನೂ ಉಳಿಯುವುದಿಲ್ಲ. ನೀಲಿ-ಕಿತ್ತಳೆಯಂಥ ಎದುರುಬದುರು ಜೋಡಿ ಈ ತಪ್ಪನ್ನು ಒಂದಿಷ್ಟು ಮುಚ್ಚಿಡುತ್ತದೆ.

ಲೇಬಲ್‌ಗಳ ಗೊಂದಲ ಇಲ್ಲೇ ಬಿಡಿಸಿಕೊಂಡಿತು. ಪ್ಯಾಕಿಂಗ್ ಮಾಡುವವರಲ್ಲಿ ಒಬ್ಬರಿಗೆ ಕೆಂಪು-ಹಸಿರು ವ್ಯತ್ಯಾಸ ಸರಿಯಾಗಿ ಕಾಣುತ್ತಿರಲಿಲ್ಲ. ಹುಟ್ಟಿನಿಂದಲೇ ಬರುವ ಈ ಬಣ್ಣಗುರುಡು ಗಂಡಸರಲ್ಲಿ ಅಪರೂಪವೇನಲ್ಲ. ಅಂಥವರು ಇಟ್ಟಿಗೆ ಕೆಂಪನ್ನೂ ಕಿತ್ತಳೆಯನ್ನೂ ಗುರುತಿಸುವುದು ಬಹುಮಟ್ಟಿಗೆ ತಿಳಿ-ಗಾಢದ ಅಂತರದಿಂದ. 50ಕ್ಕೂ 60ಕ್ಕೂ ನಡುವೆ, ಅದೂ ಹಳದಿ ಬೆಳಕಿನ ಹಿಂದಿನ ಕೋಣೆಯಲ್ಲಿ, ಆ ಅಂತರ ಸಾಲುತ್ತಿರಲಿಲ್ಲ. ಲೇಬಲ್ ಮೇಲೆ ದಪ್ಪಕ್ಷರದಲ್ಲಿ ಅಳತೆ ಬರೆಸಿದ್ದೇ ಮದ್ದು. ಬಣ್ಣವೊಂದೇ ಸುದ್ದಿ ಹೇಳಬೇಕಾದ ಜಾಗ ಎಲ್ಲೂ ಇರಬಾರದು.

ಯಾರು ಹೊರಗೆ, ಯಾರು ಒಳಗೆ

ಮೂರರಲ್ಲಿ ಒಂದನ್ನು ಬಿಡಬೇಕು ಎಂದಾಗ ಇಬ್ಬರೂ ಮಸ್ಟರ್ಡ್ ಕಡೆ ಬೆರಳು ತೋರಿಸಿದರು. ಅದು ಮಾಸಿದಂತೆ, ಕೊಳಕಾಗಿ ಕಾಣುತ್ತದೆ ಎಂಬುದು ಅವರ ದೂರು. ನಾನು ತೆಗೆದದ್ದು ಕಿತ್ತಳೆಯನ್ನು.

ಕಾರಣ ನೆಲದಲ್ಲಿತ್ತು. ಕೋಣೆಯ ನೆಲ ಮರದ್ದು, ಶೆಲ್ಫುಗಳೂ ಮರದವು. ಕಂದು ಎಂದರೆ ಬೇರೇನೂ ಅಲ್ಲ, ಸುತ್ತಲಿನದಕ್ಕಿಂತ ಗಾಢವಾಗಿರುವ ಕಿತ್ತಳೆ. ಕಿತ್ತಳೆ ಬೆಳಕನ್ನು ಮಂಕು ಮಾಡಿ ಪಕ್ಕದಲ್ಲಿ ಬಿಳಿ ಇಟ್ಟರೆ ಕಣ್ಣು ಅದನ್ನು ಕಂದು ಎಂದೇ ಓದುತ್ತದೆ. ಹಾಗಾಗಿ ಮರವಿರುವ ಕೋಣೆಯಲ್ಲಿ ಕಿತ್ತಳೆ ಆಗಲೇ ಬಂದು ಕೂತಿರುತ್ತದೆ. ಅದರ ಮೇಲೆ ಡಬ್ಬದ ಕಿತ್ತಳೆಯನ್ನೂ ಬಳಿದಾಗ ಮರ ಸಪ್ಪೆಯಾಯಿತು, ಬಣ್ಣ ಕಿರುಚಿತು. ಮೂರು ಬಣ್ಣದ ಲೆಕ್ಕ ಹಾಕುವವರು ಮರ, ಚರ್ಮ, ಹಿತ್ತಾಳೆ, ಸೆಣಬು ಇವನ್ನು ಲೆಕ್ಕದಿಂದ ಹೊರಗಿಡುವುದು ನಾನು ಮತ್ತೆ ಮತ್ತೆ ಕಾಣುವ ಸಂಗತಿ. ಇವೆಲ್ಲ ಬಣ್ಣಗಳೇ, ಅದರಲ್ಲೂ ಬೆಚ್ಚನೆ ಬಣ್ಣಗಳೇ.

ಇಟ್ಟಿಗೆ ಕೆಂಪನ್ನು ಅದೇ ದಿಕ್ಕಿನಲ್ಲಿ ಕೆಳಕ್ಕೆ ಇಳಿಸಿದೆವು. ಕಂದಿನತ್ತ ವಾಲುವ ಮರೂನ್ ಅದು, ಪರದೆಯ ಲೆಕ್ಕದಲ್ಲಿ ಕೆಂಪು 122, ಹಸಿರು 46, ನೀಲಿ 31, ತಿಳಿಮಟ್ಟ 30. ಕಿತ್ತಳೆಯ ಜಾಗಕ್ಕೆ ಕ್ರೀಮ್ ಬಂತು: 244, 233, 216, ತಿಳಿಮಟ್ಟ 93. ಮಸ್ಟರ್ಡ್ ಇದ್ದಂತೆಯೇ ಉಳಿಯಿತು: 217, 160, 54, ತಿಳಿಮಟ್ಟ 70. ಈಗ 93, 70, 30. ಕ್ರೀಮ್ ಹಾಸು, ಮರೂನ್ ಬರಹ, ಮಸ್ಟರ್ಡ್ ಕಣ್ಣು ಸೆಳೆಯುವ ಕರೆಗಂಟೆ.

ಕ್ರೀಮ್ ಒಂದು ಬಣ್ಣವೇ ಅಲ್ಲ, ಅದನ್ನು ಎಣಿಸಬೇಡಿ ಎಂದು ಒಬ್ಬರು ಪಟ್ಟು ಹಿಡಿದರು. ಎಣಿಸಲೇಬೇಕು. ಅಚ್ಚ ಬಿಳಿಯ ಮುಂದೆ ಇದೇ ಮಸ್ಟರ್ಡ್ ಮತ್ತು ಮರೂನ್ ಕತ್ತರಿಸಿ ಅಂಟಿಸಿದಂತೆ ಕಾಣುತ್ತವೆ. ಕ್ರೀಮ್‌ನಲ್ಲಿರುವ ಚೂರು ಹಳದಿ ಮೂರನ್ನೂ ಒಂದೇ ಬೆಳಕಿನಡಿ ತರುತ್ತದೆ. ಬೆಚ್ಚನೆಯ ಭಾವ ಕೋಣೆಗೆ ಬಂದದ್ದು ಕಡು ಬಣ್ಣದಿಂದಲ್ಲ, ಈ ದೊಡ್ಡ ತಿಳಿ ಹರವಿನಿಂದ.

ಕೊಳಕು ಎನಿಸಿಕೊಂಡಿದ್ದ ಮಸ್ಟರ್ಡ್ ಏನಾಯಿತು? ಅದೇ ಡಬ್ಬದ ಅದೇ ಬಣ್ಣ ಮರೂನ್ ಪಕ್ಕದಲ್ಲಿ ಬಂಗಾರದಂತೆ ಹೊಳೆಯತೊಡಗಿತು. 19ನೇ ಶತಮಾನದಲ್ಲಿ ಪ್ಯಾರಿಸ್ಸಿನ ಗೋಬೆಲಾ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಮಿಶೆಲ್ ಯುಜೀನ್ ಶೆವ್ರೂಲ್‌ಗೂ ಇಂಥದೇ ದೂರು ಬಂದಿತ್ತು. ಕಪ್ಪು ನೂಲು ಸರಿಯಾಗಿ ಕಪ್ಪಾಗಿ ಕಾಣುತ್ತಿಲ್ಲ ಎಂದು. ನೂಲಿನ ಬಣ್ಣದಲ್ಲಿ ದೋಷವಿರಲಿಲ್ಲ, ಪಕ್ಕದಲ್ಲಿ ನೇಯ್ದಿದ್ದ ಬಣ್ಣಗಳು ಅದನ್ನು ಹಾಗೆ ಕಾಣಿಸುತ್ತಿದ್ದವು. ಅವನು ಅದರ ನಿಯಮಗಳನ್ನು 1839ರಲ್ಲಿ ಪ್ರಕಟಿಸಿದ. ಇಲ್ಲಿ ಮಸ್ಟರ್ಡ್‌ಗೆ ಕೆಟ್ಟ ಹೆಸರು ತಂದದ್ದು ತನಗಿಂತ ಕಡುವಾದ ಕಿತ್ತಳೆಯ ನೆರೆ.

ಎಷ್ಟೆಷ್ಟು ಜಾಗ ಎಂಬುದಕ್ಕೆ ಒಳಾಂಗಣ ವಿನ್ಯಾಸದವರು 60-30-10 ಎನ್ನುತ್ತಾರೆ: ಮುಖ್ಯ ಬಣ್ಣಕ್ಕೆ ಶೇಕಡಾ 60, ಎರಡನೆಯದಕ್ಕೆ 30, ಮೂರನೆಯದಕ್ಕೆ 10. ಕೆಟ್ಟ ಸೂತ್ರವಲ್ಲ. ಆದರೆ ಬಟ್ಟೆ ಅಂಗಡಿಯಲ್ಲಿ ಸರಕೇ ಅರ್ಧ ಗೋಡೆ ಮುಚ್ಚುತ್ತದೆ. ಹಾಗಾಗಿ ಕ್ರೀಮ್ ಪಾಲನ್ನು ಇನ್ನೂ ಹೆಚ್ಚಿಸಿ, ಮರೂನ್‌ಗೆ ಬಿಲ್ಲಿಂಗ್ ಕೌಂಟರ್ ಮತ್ತು ಅದರ ಹಿಂದಿನ ಒಂದೇ ಗೋಡೆ ಕೊಟ್ಟೆವು. ಮಸ್ಟರ್ಡ್‌ಗೆ ಸಿಕ್ಕಿದ್ದು ಟ್ರಯಲ್ ರೂಮಿನ ಪರದೆ, ಒಂದು ಸ್ಟೂಲು, ಶೆಲ್ಫಿನ ಅಂಚು.

ವಾಪಸ್ ಬರುತ್ತಿದ್ದ ಅಂಗಿ

ಇಡೀ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಟ್ರಯಲ್ ರೂಮು. ಇಕ್ಕಟ್ಟಾದ ಜಾಗ, ಎದುರುಬದುರು ಎರಡು ಇಟ್ಟಿಗೆ ಕೆಂಪು ಗೋಡೆ, ಮೂರನೆಯದರಲ್ಲಿ ಕನ್ನಡಿ, ಮೇಲೊಂದು ಹಳದಿ ಬಲ್ಬು. ಪ್ರಿಂಟರಿನ ಬಿಳಿ ಹಾಳೆಯೊಂದನ್ನು ಬಾಗಿಲ ಬಳಿ ಹಿಡಿದೆ, ಬಿಳಿಯಾಗಿಯೇ ಇತ್ತು. ಒಳಗೆ ಹೆಜ್ಜೆ ಇಟ್ಟಂತೆ ಅಂಚು ನಸುಗೆಂಪಾಯಿತು. ಗೋಡೆಗೆ ಗೇಣುದ್ದ ದೂರದಲ್ಲಿ ಆ ಬದಿಯೆಲ್ಲ ಹವಳದ ಬಣ್ಣಕ್ಕೆ ತಿರುಗಿತು. ಕ್ರೀಮ್ ಅಂಗಿ ಅಲ್ಲಿ ಪೀಚ್ ಆಗಿ ಕಾಣುತ್ತಿತ್ತು. ಗಿರಾಕಿ ಕೊಂಡದ್ದು ಪೀಚ್ ಅಂಗಿ, ಮನೆಯಲ್ಲಿ ಚೀಲ ಬಿಚ್ಚಿದರೆ ಕ್ರೀಮ್. ಅವರು ಸುಳ್ಳು ಹೇಳುತ್ತಿರಲಿಲ್ಲ.

ಆಗುವುದಿಷ್ಟೇ: ಬಲ್ಬಿನ ಬೆಳಕು ಒಂದು ಗೋಡೆಗೆ ಬಿದ್ದು ಕೆಂಪಾಗಿ ಮರಳುತ್ತದೆ. ಎದುರಿನ ಗೋಡೆಯೂ ಕೆಂಪೇ ಆದ್ದರಿಂದ ಅಳಿದುಳಿದ ಹಸಿರು-ನೀಲಿ ಅಂಶವನ್ನು ಅದು ನುಂಗಿ ಇನ್ನಷ್ಟು ಕೆಂಪಾಗಿಸಿ ಕಳಿಸುತ್ತದೆ. ಅಂಗೈ ಅಗಲದ ಶೇಡ್ ಕಾರ್ಡಿನಲ್ಲಿ ಸೌಮ್ಯವಾಗಿದ್ದ ಬಣ್ಣ ನಾಲ್ಕು ಗೋಡೆಗೆ ಏರಿದಾಗ ಕಡುವಾಗುವುದು ಇದೇ ಕಾರಣಕ್ಕೆ. ಬೆಚ್ಚನೆ ಬಣ್ಣ ಬಳಿಯುವವರಿಗೆ ನನ್ನ ಸಲಹೆ, ಕಾರ್ಡಿನಲ್ಲಿ ಮೆಚ್ಚಿದ್ದಕ್ಕಿಂತ ಒಂದು ಮೆಟ್ಟಿಲು ಮಂಕಾದದ್ದನ್ನು ಆರಿಸಿ. ದೊಡ್ಡ ರಟ್ಟಿಗೆ ಬಳಿದು ಮೂಲೆಯಲ್ಲಿ ಎರಡು ರಟ್ಟು ಕೂಡುವಂತೆ ನಿಲ್ಲಿಸಿ ನೋಡಿ. ಗೋಡೆ ನಡುವೆ ಬಳಿದ ಒಂದು ಚೌಕ ಏನನ್ನೂ ಹೇಳುವುದಿಲ್ಲ.

ಕೋಣೆ ಚಿಕ್ಕದಾಗಿ ಕಂಡದ್ದಕ್ಕೂ ಸೆಕೆಯ ದೂರಿಗೂ ಇಲ್ಲೇ ನಂಟು. ಆ ಇಟ್ಟಿಗೆ ಕೆಂಪು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 18ರಷ್ಟನ್ನು ಮಾತ್ರ ಮರಳಿಸುತ್ತದೆ. ಪೇಂಟಿನವರು ಎಲ್‌ಆರ್‌ವಿ ಎಂದು ಕಾರ್ಡಿನ ಹಿಂದೆ ಮುದ್ರಿಸುವ ಅಂಕಿ ಇದು. ಕ್ರೀಮ್ ಶೇಕಡಾ 82ರಷ್ಟನ್ನು ಮರಳಿಸುತ್ತದೆ. ಗೋಡೆ ಬೆಳಕು ನುಂಗಿದಂತೆಲ್ಲ ಅವರು ಬಲ್ಬು ಸೇರಿಸುತ್ತ ಹೋಗಿದ್ದರು, ಬಲ್ಬಿನ ಬಿಸಿ ನಿಜವಾಗಿಯೂ ಏರಿತ್ತು. ಕೆಂಪು ಬಣ್ಣ ರಕ್ತದೊತ್ತಡ ಏರಿಸುತ್ತದೆ, ಹಸಿವು ಹುಟ್ಟಿಸುತ್ತದೆ ಎಂಬ ಮಾತುಗಳನ್ನು ಆ ಇಬ್ಬರೂ ಎಲ್ಲೋ ಓದಿಕೊಂಡಿದ್ದರು. ಅಂಥ ಪ್ರಯೋಗಗಳ ಫಲಿತಾಂಶ ಒಂದಕ್ಕೊಂದು ತಾಳೆಯಾಗುವುದಿಲ್ಲ. ಗೋಡೆಯ ಬಣ್ಣವನ್ನು ಔಷಧಿಯಂತೆ ಮಾರುವವರನ್ನು ನಂಬುವ ಮೊದಲು ಕೋಣೆಯ ಬಲ್ಬು ಎಣಿಸುವುದು ಒಳ್ಳೆಯದು.

ಟ್ರಯಲ್ ರೂಮಿಗೆ ಮೂರೂ ಬದಿ ಕ್ರೀಮ್ ಬಳಿಸಿದೆವು. ಎರಡು ದೀಪ, ಒಂದು ಸ್ವಿಚ್ಚು: ಒತ್ತಿದರೆ 4000 ಕೆಲ್ವಿನ್‌ನ ಹಗಲಿನತ್ತ ವಾಲುವ ಬಿಳಿ ಬೆಳಕು, ಮತ್ತೊಮ್ಮೆ ಒತ್ತಿದರೆ 2700 ಕೆಲ್ವಿನ್‌ನ ಸಂಜೆಯ ಹಳದಿ. ಕೊಳ್ಳುವವರು ತಾವೇ ಒತ್ತಿ ನೋಡುತ್ತಾರೆ. ಬಣ್ಣ ಬೇರೆ ಎಂದು ವಾಪಸ್ ತರುವುದು ಬಹುಮಟ್ಟಿಗೆ ನಿಂತಿತು.

ಮುಂದಿನ ಕೋಣೆಯ ಎಲ್‌ಇಡಿಗಳನ್ನೂ ಬದಲಿಸಬೇಕಾಯಿತು. ಹಳೆಯವುಗಳ ಡಬ್ಬದ ಮೇಲೆ ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕಿ) 80 ಎಂದಿತ್ತು. ಆ ಅಂಕಿ ಎಂಟು ಮಂದ ಬಣ್ಣಗಳ ಮೇಲೆ ದೀಪ ಹೇಗೆ ವರ್ತಿಸುತ್ತದೆ ಎಂಬುದರ ಸರಾಸರಿ. ಕಡು ಕೆಂಪು ಆ ಎಂಟರಲ್ಲಿ ಇಲ್ಲ. ಅದಕ್ಕೆ ಆರ್9 ಎಂಬ ಪ್ರತ್ಯೇಕ ಅಂಕಿ ಇದೆ, ಸಿಆರ್‌ಐ 80 ಇರುವ ದೀಪದಲ್ಲಿ ಅದು ಸೊನ್ನೆಯ ಆಸುಪಾಸಿನಲ್ಲೂ ಇರಬಹುದು. ಅಂಥ ಬೆಳಕಿನಲ್ಲಿ ಮರೂನ್ ಹಳೇ ತುಕ್ಕಿನಂತೆ ಕಾಣುತ್ತದೆ. ಕೆಂಪು ಬಣ್ಣ ಬಳಸುವವರು ದೀಪ ಕೊಳ್ಳುವಾಗ ಆರ್9 ಎಷ್ಟು ಎಂದು ಕೇಳಬೇಕು, ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಕಂಪನಿಯ ಡೇಟಾಶೀಟ್ ನೋಡಬೇಕು. ನಾವು ಹಾಕಿದ್ದು 3000 ಕೆಲ್ವಿನ್, ಸಿಆರ್‌ಐ 90ಕ್ಕೂ ಮೇಲೆ, ಆರ್9 50ಕ್ಕೂ ಮೇಲೆ.

ಪರದೆ

ವೆಬ್‌ಸೈಟಿನಲ್ಲಿ ಲೆಕ್ಕ ಚೊಕ್ಕ. ಬರಹಕ್ಕೂ ಹಿನ್ನೆಲೆಗೂ ಇರಬೇಕಾದ ಕಾಂಟ್ರಾಸ್ಟ್ ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಎಂಬುದು ವೆಬ್‌ಸೈಟುಗಳು ಎಲ್ಲರಿಗೂ ಬಳಸಲು ಬರುವಂತಿರಲು ರೂಪಿಸಿದ ಡಬ್ಲ್ಯುಸಿಎಜಿ ಮಾರ್ಗಸೂಚಿಯ ಎಎ ಹಂತದ ನಿಯಮ. ಹಳೆಯ ವೆಬ್‌ಸೈಟಿನಲ್ಲಿ ಕಿತ್ತಳೆ ಬಟನ್ ಮೇಲೆ ಬಿಳಿ ಅಕ್ಷರವಿತ್ತು: 3.2. ಮಸ್ಟರ್ಡ್ ಪಟ್ಟಿಯ ಮೇಲೆ ಬಿಳಿ ಅಕ್ಷರ: 2.3. ಬಿಸಿಲಲ್ಲಿ ಓದಲಾಗದ್ದು ಆಶ್ಚರ್ಯವಲ್ಲ, ನೆರಳಲ್ಲಿ ಓದಿಸಿಕೊಂಡದ್ದೇ ಹೆಚ್ಚು.

ಹೊಸ ಜೋಡಣೆಯಲ್ಲಿ ಕ್ರೀಮ್ ಮೇಲೆ ಮರೂನ್ 7.8. ಇಡೀ ವೆಬ್‌ಸೈಟಿನ ಬರಹ ಅದರಲ್ಲೇ. ಮಸ್ಟರ್ಡ್ ಮೇಲೆ ಮರೂನ್ 4.0, ಅಂದರೆ 'ಕೊಳ್ಳಿ' ಎಂಬ ದಪ್ಪ, ದೊಡ್ಡ ಅಕ್ಷರಕ್ಕೆ ಸರಿ, ಅದರ ಕೆಳಗಿನ ಸಣ್ಣ ಷರತ್ತುಗಳಿಗೆ ಸಾಲದು. ಕ್ರೀಮ್ ಮೇಲೆ ಮಸ್ಟರ್ಡ್ 1.9. ಆ ಜೋಡಿಯಲ್ಲಿ ಒಂದಕ್ಷರವನ್ನೂ ಬರೆಯಕೂಡದು. ಹಳದಿ ಬಂಗಾರದ ಅಕ್ಷರ ಕ್ರೀಮ್ ಕಾಗದದ ಮೇಲೆ ಶ್ರೀಮಂತವಾಗಿ ಕಾಣುತ್ತದೆ ಎಂದು ಎಲ್ಲ ಗಿರಾಕಿಗಳೂ ಒಮ್ಮೆ ಕೇಳಿಯೇ ಕೇಳುತ್ತಾರೆ. ಕಾಣುತ್ತದೆ ನಿಜ, ಓದಲು ಬರುವುದಿಲ್ಲ.

ಮೈಮೇಲೆ

ಗೋಡೆಯ ಮಸ್ಟರ್ಡ್‌ಗೆ ಬಟ್ಟೆಯ ಮಸ್ಟರ್ಡ್ ಪಕ್ಕಾ ಹೊಂದಬೇಕು ಎಂದು ಅವರು ಹಿಂದೆ ಡೈಯಿಂಗ್‌ನವರ ಜೊತೆ ಗುದ್ದಾಡಿದ್ದರು. ಅಂಗಡಿಯ ದೀಪದಡಿ ಹೊಂದಿದ ಥಾನು ಹೊರಗೆ ಹಗಲಲ್ಲಿ ಹಸಿರಿನತ್ತ ವಾಲುತ್ತಿತ್ತು. ಪೇಂಟಿನ ವರ್ಣದ್ರವ್ಯ ಬೇರೆ, ಬಟ್ಟೆಯ ಡೈ ಬೇರೆ. ಒಂದು ಬೆಳಕಿನಲ್ಲಿ ಎರಡೂ ಒಂದೇ ಎನಿಸಿ ಇನ್ನೊಂದರಲ್ಲಿ ದಾರಿ ಬೇರೆಯಾಗುವುದು ಈ ಉದ್ಯಮದಲ್ಲಿ ದಿನನಿತ್ಯದ ಮಾತು, ಮೆಟಮೆರಿಸಂ ಎನ್ನುತ್ತಾರೆ. ಡೈಯಿಂಗ್‌ನವರ ತಪ್ಪೇನೂ ಇರಲಿಲ್ಲ. ನನ್ನ ನಿಲುವು, ಹೊಂದಿಸಲು ಹೋಗುವುದೇ ಬೇಡ. ಕೂದಲೆಳೆಯಷ್ಟು ತಪ್ಪಿದ ಹೊಂದಾಣಿಕೆ ತಪ್ಪಾಗಿಯೇ ಕಾಣುತ್ತದೆ, ಎದ್ದು ಕಾಣುವಷ್ಟು ಅಂತರವಿಟ್ಟರೆ ಬೇಕೆಂದೇ ಮಾಡಿದಂತೆ ಕಾಣುತ್ತದೆ. ಗೋಡೆಗಿಂತ ಬಟ್ಟೆಯ ಮಸ್ಟರ್ಡ್ ಒಂದು ಮೆಟ್ಟಿಲು ಗಾಢವಾಯಿತು.

ಉಡುಪಿನಲ್ಲಿ ಮೂರೂ ಬಣ್ಣದ ಕೆಲಸ ಮತ್ತೆ ಬದಲಾಗುತ್ತದೆ. ಗೋಡೆಯಲ್ಲಿ ಹಾಸಾಗಿದ್ದ ಕ್ರೀಮ್ ಇಲ್ಲಿ ಮುಖದ ಹತ್ತಿರ ಬರಬೇಕು, ಏಕೆಂದರೆ ಕೊರಳ ಸುತ್ತಲಿನ ಬಟ್ಟೆ ಗದ್ದಕ್ಕೆ ಬೆಳಕು ಎಸೆಯುತ್ತದೆ. ಅಗಲ ಮಸ್ಟರ್ಡ್ ಕಾಲರ್ ಹಲವರ ಮುಖವನ್ನು ಕಾಮಾಲೆ ಬಂದಂತೆ ಮಾಡುತ್ತಿತ್ತು. ಮೊದಲ ಸರಣಿಯಲ್ಲಿ ಮಾರಾಟವಾಗದೆ ಉಳಿದದ್ದು ಬಹುಪಾಲು ಅವೇ. ಎರಡನೇ ಸರಣಿಯಲ್ಲಿ ಮಸ್ಟರ್ಡ್ ಒಳಪಟ್ಟಿಗೆ, ತೋಳಿನ ಮಡಿಕೆಗೆ, ಜೇಬಿನ ಬಾಯಿಗೆ ಇಳಿಯಿತು. ನಡೆದಾಗ, ಕೈ ಎತ್ತಿದಾಗ ಮಿಂಚಿ ಮರೆಯಾಗುತ್ತದೆ. ಮರೂನ್ ಲಂಗಕ್ಕೂ ಪ್ಯಾಂಟಿಗೂ ಹೋಯಿತು. ಅದೇ ಮರೂನ್ ವೆಲ್ವೆಟ್‌ನಲ್ಲಿ ತೀರಾ ಗಾಢ, ಸ್ಯಾಟಿನ್‌ನಲ್ಲಿ ಮಡಿಕೆಯ ನೆತ್ತಿ ಮಾತ್ರ ತಿಳಿ. ವೆಲ್ವೆಟ್‌ನ ರೋಮದ ನಡುವೆ ಬೆಳಕು ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಬಟ್ಟೆಯ ಜಾತಿ ಬದಲಾದಾಗಲೆಲ್ಲ ಫೋಟೊ ತೆಗೆದು ಕಪ್ಪು-ಬಿಳುಪು ಮಾಡಿ ನೋಡುವ ಅಭ್ಯಾಸ ಅವರಿಗೇ ಅಂಟಿತು.

ಬೋರ್ಡಿನ ಮಾತು ಚಿಕ್ಕದು. ಹಳೆಯ ಕಿತ್ತಳೆ ಬಿಸಿಲಿಗೆ ಬೇಗ ಮಾಸಿತ್ತು. ಹೊಸದಕ್ಕೆ ಕಬ್ಬಿಣದ ಆಕ್ಸೈಡಿನ ಕೆಂಪು ಮತ್ತು ಹಳದಿ ಬಳಸಿದ ಪೇಂಟನ್ನೇ ಕೇಳಿ ತರಿಸಿದೆವು. ಗುಹಾಚಿತ್ರಗಳಲ್ಲಿ ಸಾವಿರಾರು ವರ್ಷ ಉಳಿದ ವರ್ಣದ್ರವ್ಯಗಳು ಇವೇ. ಹಳದಿ ಕಾವಿಮಣ್ಣನ್ನು ಕಾಯಿಸಿದರೆ ಅದರೊಳಗಿನ ನೀರು ಹೋಗಿ ಕೆಂಪು ಕಾವಿಯಾಗುತ್ತದೆ, ಎರಡೂ ಒಂದೇ ಮನೆತನ. ಕಂದು ಕಾಗದದ ಕೈಚೀಲದ ಮೇಲಂತೂ ಮಸ್ಟರ್ಡ್ ಅಚ್ಚು ಹಾಕಿದರೂ ಕಾಣಲಿಲ್ಲ, ಅಲ್ಲಿ ಮರೂನ್ ಒಂದೇ ಸಾಕಾಯಿತು.

ಇನ್ನೂ ಬಗೆಹರಿಯದ್ದು

ಫೋಟೊ ಅವರಿಗೆ ಇವತ್ತಿಗೂ ತಲೆನೋವು. ಬೆಚ್ಚನೆ ಕೋಣೆಯನ್ನು ಕಂಡ ಫೋನ್ ಕ್ಯಾಮೆರಾ ಅದನ್ನು ದೋಷವೆಂದು ಭಾವಿಸಿ ತಾನೇ ತಣ್ಣಗೆ ಮಾಡುತ್ತದೆ. ಕ್ರೀಮ್ ಬೂದು ಬಣ್ಣವಾಗುತ್ತದೆ. ಬೂದು ಕಾರ್ಡು ಇಟ್ಟು ವೈಟ್ ಬ್ಯಾಲೆನ್ಸ್ ಕೈಯಾರೆ ಹೊಂದಿಸಿದರೆ ಸರಿಹೋಗುತ್ತದೆ, ಆದರೆ ಅವಸರದಲ್ಲಿ ಯಾರೂ ಇಡುವುದಿಲ್ಲ.

ಈಗ ಮುಂದಿನ ಸರಣಿಗೆ ಕರೆಗಂಟೆಯ ಬಣ್ಣ ಬದಲಿಸುವ ಮಾತು ನಡೆದಿದೆ. ಮಸ್ಟರ್ಡ್ ಬದಲು ಹವಳದ ಬಣ್ಣ: 240, 150, 110. ಅದರ ತಿಳಿಮಟ್ಟವೂ 70ರ ಹತ್ತಿರವೇ, ಮರೂನ್ ಅಕ್ಷರದೊಡನೆ ಕಾಂಟ್ರಾಸ್ಟ್ 4.2. ಹಾಗಾಗಿ ಬಟನ್, ಲೇಬಲ್, ಪರದೆ, ಸ್ಟೂಲು ಎಲ್ಲ ಅದದೇ ಜಾಗದಲ್ಲಿ ಉಳಿಯುತ್ತವೆ, ಯಾವ ನಿಯಮವನ್ನೂ ತಿದ್ದಬೇಕಿಲ್ಲ. ತಕರಾರು ಒಂದೇ: ಹವಳದ ಪಕ್ಕದಲ್ಲಿ ಮರೂನ್‌ನ ಕೆಂಪು ಕುಗ್ಗಿ ಬರೀ ಕಂದಾಗಿ ಕಾಣುತ್ತಿದೆ. ಕೌಂಟರ್ ಹಿಂದಿನ ಗೋಡೆಯನ್ನು ಇನ್ನೊಂಚೂರು ಕೆಂಪಿಗೆ ತಿರುಗಿಸಬೇಕೋ, ಇಲ್ಲ ಹವಳವನ್ನು ಆ ಗೋಡೆಯಿಂದ ದೂರವಿಟ್ಟರೆ ಸಾಕೋ ಎಂದು ಬಳಿದ ರಟ್ಟುಗಳನ್ನು ಮೂಲೆಯಲ್ಲಿ ನಿಲ್ಲಿಸಿ ನೋಡುತ್ತಿದ್ದಾರೆ. ನನ್ನ ಮತ ದೂರವಿಡುವುದಕ್ಕೆ. ಪಾಲುದಾರರಲ್ಲಿ ಒಬ್ಬರು ಇದೇ ನೆಪದಲ್ಲಿ ಕಿತ್ತಳೆಯನ್ನು ಮತ್ತೆ ಒಳಗೆ ತರಬಹುದೇ ಎಂದು ಕೇಳಿದ್ದಾರೆ. ನೆಲಕ್ಕೆ ಬೇರೆ ಹಾಸು ಹಾಕಿ ಶೆಲ್ಫು ಬದಲಿಸಿದರೆ ತರಬಹುದು ಎಂದು ಹೇಳಿದ್ದೇನೆ.